ರಾಣಿಯ ಬಿರುದಿನ ಮೊದಲ ಸಾಲು

ನಾನು ಹುಟ್ಟು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವುದೆಲ್ಲ ಹೆದರಿಕೆಯ ಕಥೆಯೇ. ಜಿರಳೆ ಕಂಡರೆ ಹೆದರುತ್ತೇನೆ, ಎಸ್ಕಲೇಟರ್ ಹತ್ತಲು ಹೆದರುತ್ತೇನೆ, ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವುದಿಲ್ಲ. ಆದರೆ ಆ ವರ್ಷದ ನವರಾತ್ರಿಯಲ್ಲಿ, ಅಮೆರಿಕದ ಓವರ್‌ಲೇಕಿನ ನಮ್ಮ ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ, ಒಂದು ಮೊಳವೂ ಎತ್ತರವಿಲ್ಲದ ಮರದ ರಾಣಿಯ ಮುಂದೆ ಕೂತು ಹೆದರಿದಷ್ಟು ಬೇರೆ ಯಾವತ್ತೂ ಹೆದರಿಲ್ಲ.

ಮೈಸೂರಿನ ಕಡೆ ಮದುವೆಯಾಗುವ ಹೆಣ್ಣುಮಕ್ಕಳಿಗೆ ತೌರಿನಿಂದ ಪಟ್ಟದ ಗೊಂಬೆ ಕೊಡುತ್ತಾರೆ. ಒಬ್ಬ ರಾಜ, ಒಬ್ಬಳು ರಾಣಿ. ನವರಾತ್ರಿಯಲ್ಲಿ ಮೆಟ್ಟಿಲು ಜೋಡಿಸಿ ಅವರಿಬ್ಬರನ್ನು ಮೇಲಿನ ಮೆಟ್ಟಿಲಿನಲ್ಲಿ ಕೂರಿಸಿದ ಮೇಲೇ ಮಿಕ್ಕ ಗೊಂಬೆಗಳು. ನನಗೆ ಬಂದ ಜೋಡಿ ಹೊಸದಲ್ಲ, ಅಜ್ಜಿಯದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂತು. ಜೊತೆಗೆ ಒಂದು ನೋಟ್‌ಬುಕ್ಕೂ ಬಂತು.

ಆ ನೋಟ್‌ಬುಕ್ಕಿನ ಕಥೆ ಹೀಗೆ. ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ ಅವಳಪ್ಪನ ಹೆಗಲ ಮೇಲೆ ಕೂತು, ದಸರೆಯಲ್ಲಿ ರಾಜರ ಬಿರುದುಗಳನ್ನು ಕೂಗುವುದನ್ನು ದೂರದಿಂದ ಕೇಳಿದ್ದಳಂತೆ. ಒಂದೊಂದು ಬಿರುದಿಗೂ ಬಹುಪರಾಕ್, ಬಹುಪರಾಕ್. ಮನೆಗೆ ಬರುವಾಗ, ರಾಣಿಗೆ ಏನೇನು ಬಿರುದು ಎಂದು ಕೇಳಿದ್ದಾಳೆ. ರಾಜರ ಪಟ್ಟದರಸಿ ಅನ್ನುವುದೇ ಅವಳ ಬಿರುದು, ಇನ್ನೇನು ಬೇಕು ಅಂದರಂತೆ ಅವಳಪ್ಪ. ಅಜ್ಜಿಗೆ ಸಿಟ್ಟು ಬಂತು. ನಮ್ಮ ಮನೆಯ ಹೆಂಗಸರ ಸಿಟ್ಟು ಒಂದೆರಡು ದಿನಕ್ಕೆ ಇಳಿಯುವಂಥದ್ದಲ್ಲ. ಮದುವೆಯಾಗಿ ಪಟ್ಟದ ಗೊಂಬೆ ಕೈಗೆ ಬಂದದ್ದೇ ತಡ, ಅವಳು ತನ್ನ ಮರದ ರಾಣಿಗೆ ತಾನೇ ಬಿರುದು ಕೊಡಲು ಶುರುಮಾಡಿದಳು.

ವರ್ಷಕ್ಕೆ ಒಂದೇ ಬಿರುದು. ಆ ವರ್ಷ ಮನೆಯ ಹೆಂಗಸರಲ್ಲಿ ಯಾರಾದರೂ ಏನಾದರೂ ಸಾಧಿಸಿರಬೇಕು, ಅದರ ಬಿರುದು ರಾಣಿಗೆ. ಸೀಮೆಎಣ್ಣೆ ಸ್ಟವ್ ಬಂದ ವರ್ಷ ರಾಣಿ ‘ಧೂಮವಿಜಯೆ’ಯಾದಳು. ಚಿಕ್ಕಮ್ಮ ಸೈಕಲ್ ಕಲಿತ ವರ್ಷ ‘ದ್ವಿಚಕ್ರಾರೂಢೆ’. ಅಮ್ಮ ಮೂರನೇ ಸಲಕ್ಕೆ ಲೆಕ್ಕದಲ್ಲಿ ಪಾಸಾದ ವರ್ಷ ‘ಗಣಿತಮರ್ದಿನಿ’. ಬಿರುದಿನ ಜೊತೆಗೊಂದು ಪದಕ. ಅಜ್ಜಿಯ ಧಾರೆ ಸೀರೆಯ ಜರಿಯಂಚನ್ನು ಕತ್ತರಿಸಿ ರಾಣಿಯ ಎದೆಗೆ ಅಡ್ಡಪಟ್ಟಿ ಹೊಲಿದಿದ್ದರು. ಅದರ ಮೇಲೆ ತಾತನ ಕೋಟಿನ ಹಿತ್ತಾಳೆ ಗುಂಡಿ, ಸೈಕಲ್ ಬೆಲ್ಲಿನ ತಿರುಪು, ಅಮ್ಮನ ಶಾಲೆಯ ಮಾನಿಟರ್ ಬ್ಯಾಡ್ಜು, ತುಂಡಾದ ಬೆಳ್ಳಿ ಕಾಲುಂಗುರ ಎಲ್ಲ ಇದ್ದವು. ಪಕ್ಕದಲ್ಲಿ ರಾಜ ಪಾಪ ಬರೀ ಎದೆಯಲ್ಲಿ, ಒಂದೇ ಮುತ್ತಿನ ಸರ ಹಾಕಿಕೊಂಡು ಕೂತಿರುತ್ತಿದ್ದ.

ವಿಜಯದಶಮಿಯ ದಿನ ಗೊಂಬೆಗಳನ್ನು ಮಲಗಿಸುವ ಮೊದಲು, ಓದಲು ಬರುವ ಅತಿ ಚಿಕ್ಕ ಹುಡುಗಿ ನೋಟ್‌ಬುಕ್ ಹಿಡಿದು ಬಿರುದುಗಳನ್ನೆಲ್ಲ ಕೂಗಬೇಕು, ಮಿಕ್ಕವರು ಬಹುಪರಾಕ್ ಅನ್ನಬೇಕು. ಇಷ್ಟೆಲ್ಲ ಮಾಡಿದ ಅಜ್ಜಿ ಮೊದಲನೇ ಸಾಲನ್ನು ಮಾತ್ರ ಮುಟ್ಟಲಿಲ್ಲ. ‘ಶ್ರೀಮನ್ಮಹಾರಾಜರ ಪಟ್ಟದರಸಿ’ ಎಂದೇ ಶುರುವಾಗಬೇಕು. ಆ ಸಾಲು ಇಲ್ಲದಿದ್ದರೆ ಮಿಕ್ಕ ಯಾವ ಬಿರುದೂ ನಿಲ್ಲುವುದಿಲ್ಲ ಎನ್ನುತ್ತಿದ್ದಳು. ಒಮ್ಮೆ ಆಟಕ್ಕೆ ಆ ಸಾಲು ಹಾರಿಸಿ ಓದಿ ಅಜ್ಜಿಯ ಕೈಯಲ್ಲಿ ತಲೆಗೆ ಮೊಟಕಿಸಿಕೊಂಡಿದ್ದೇನೆ.

ನಾನು ಅಮೆರಿಕಕ್ಕೆ ಹೊರಟ ವರ್ಷ ಅಮ್ಮ ‘ಸಪ್ತಸಾಗರಲಂಘಿನಿ’ ಎಂದು ಬರೆದಳು. ಲಂಘಿನಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಸೀಟಿನ ಕೈ ಹಿಡಿದಿದ್ದದ್ದು ಅವಳಿಗೆ ಗೊತ್ತಿಲ್ಲ. ಇಲ್ಲಿಗೆ ಬಂದ ಮೇಲೆ ಬರೆಯುವಂಥದ್ದು ಏನೂ ಇರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದವಳು ಇಲ್ಲಿ ಗಂಡನ ಅವಲಂಬಿತೆ. ನನ್ನ ವೀಸಾದ ಹೆಸರೇ ಅದು. ಅವರ ಕೆಲಸ ಇದ್ದರೆ ಅವರ ವೀಸಾ, ಅವರ ವೀಸಾ ಇದ್ದರೆ ನನ್ನದು ಮತ್ತು ಎರಡು ವರ್ಷದವಳಿದ್ದಾಗ ಕಂಕುಳಲ್ಲಿ ಬಂದ ಮಗಳದು. ಅಕ್ಕಪಕ್ಕದ ಹೆಂಗಸರಲ್ಲಿ ಅರ್ಧಕ್ಕರ್ಧ ಹೀಗೇ, ನಾವೆಲ್ಲ ಮೊದಲ ಸಾಲಿನ ಮೇಲೆ ನಿಂತವರು.

ಆ ವರ್ಷ ಆಗಸ್ಟಿನಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಮೈದುನನ ಮದುವೆ. ಇವರ ವೀಸಾಕ್ಕೆ ಹೊಸ ಮೊಹರೂ ಬೇಕಿತ್ತು, ಅದನ್ನು ಊರಿಗೆ ಹೋದಾಗ ಚೆನ್ನೈನ ಅಮೆರಿಕನ್ ಕಾನ್ಸುಲೇಟಿಗೆ ಹೋಗಿ ಹಾಕಿಸಿಕೊಳ್ಳಬೇಕು. ಇಬ್ಬರೂ ಹೋಗಿ ಇಬ್ಬರೂ ಸಿಕ್ಕಿಹಾಕಿಕೊಂಡರೆ ಮಗಳ ಶಾಲೆಯ ಗತಿಯೇನು ಎಂದು ನಾನೇ ಹೆದರಿ, ನಾನು ಇಲ್ಲೇ ಇರುತ್ತೇನೆ, ನೀವು ಹೋಗಿ ಬನ್ನಿ ಅಂದೆ. ಹೋಗುವುದು ಹೋಗುತ್ತೀರಿ, ರಾಜನನ್ನು ಕರೆದುಕೊಂಡು ಹೋಗಿ ಎಂದೂ ಅಂದೆ. ರಾಜನ ಮುಖದ ಬಣ್ಣ ಚಕ್ಕೆಯೆದ್ದು ಮೂಗು ಬೆಳ್ಳಗಾಗಿತ್ತು. ಮೈಸೂರಿನಲ್ಲಿ ಅಮ್ಮನಿಗೆ ಗೊತ್ತಿರುವ ಹಳೆಯ ಬಣ್ಣದವರು ಇದ್ದರು.

ಅಮ್ಮ ಫೋನಿನಲ್ಲಿ ಒಪ್ಪಲಿಲ್ಲ. ಪಟ್ಟದ ಗೊಂಬೆ ಜೋಡಿ ಅಗಲಿಸಬಾರದು, ಕಳಿಸುವುದಾದರೆ ಇಬ್ಬರನ್ನೂ ಕಳಿಸು ಅಂದಳು. ನನಗೆ ರಾಣಿಯ ಪದಕಗಳ ಚಿಂತೆ. ಅಷ್ಟು ಗುಂಡಿ, ತಿರುಪು, ಪಿನ್ನು ಎದೆಯ ಮೇಲೆ ಹೊತ್ತ ಗೊಂಬೆ ಏರ್‌ಪೋರ್ಟಿನ ಮೆಶೀನಿಗೆ ಹೋದರೆ ಕೂಗಿಕೊಳ್ಳದೆ ಇರುತ್ತದೆಯೇ, ಅವರು ಒಂದೊಂದಾಗಿ ಕಿತ್ತು ನೋಡಿ ಅಜ್ಜಿಯ ಜರಿಯನ್ನು ಹರಿದರೆ? ಅಗಲಿಸಬಾರದು ಗಿಗಲಿಸಬಾರದು ಎಲ್ಲ ಹಳೇ ಕಾಲದ್ದು ಎಂದು ಅಮ್ಮನ ಬಾಯಿ ಮುಚ್ಚಿಸಿದೆ. ನನ್ನ ಗಂಡ ಹುಬ್ಬಳ್ಳಿಯವರು, ಅವರ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿಯೇ ಇಲ್ಲ. ನಗುತ್ತಾ ರಾಜನನ್ನು ಸ್ವೆಟರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು. ಮೊದಲು ಮೈಸೂರಿಗೆ ಹೋಗಿ ಅವನನ್ನು ಅಮ್ಮನ ಕೈಗೆ ಕೊಟ್ಟು, ಆಮೇಲೆ ಹುಬ್ಬಳ್ಳಿಗೆ ಹೋದರು.

ಮದುವೆ ಚೆನ್ನಾಗಿ ಆಯಿತು. ಅದಾಗಿ ಹತ್ತು ದಿನಕ್ಕೆ ಚೆನ್ನೈನಿಂದ ಫೋನ್. ಕೌಂಟರಿನಲ್ಲಿ ಪಾಸ್‌ಪೋರ್ಟ್ ಇಟ್ಟುಕೊಂಡು ಒಂದು ಬಿಳಿ ಚೀಟಿ ಕೊಟ್ಟಿದ್ದಾರೆ, ಇನ್ನಷ್ಟು ಪರಿಶೀಲನೆ ಆಗಬೇಕಂತೆ. ಎಷ್ಟು ದಿನ ಎಂದು ಕೇಳಿದರೆ ಹೇಳುವುದಿಲ್ಲ. ಎರಡು ದಿನ ಇರಬಹುದು, ಎರಡು ತಿಂಗಳೂ ಇರಬಹುದು. ಇವರ ಆಫೀಸಿನವರು ಒಳ್ಳೆಯವರೇ, ಆದರೆ ನವೆಂಬರ್ ಮೊದಲ ವಾರ ದಾಟಿದರೆ ಕೆಲಸ ಹಿಡಿದಿಡಲು ಆಗುವುದಿಲ್ಲ ಎಂದು ಮ್ಯಾನೇಜರ್ ಹೇಳಿದ್ದ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ನಾನೂ ಮಗಳೂ ಗಂಟುಮೂಟೆ ಕಟ್ಟಬೇಕು.

‘ಏನ ಆಗೂದಿಲ್ಲ ತಗೋ, ಯಾಕ ಅಂಜತಿ’ ಅಂದರು ಇವರು. ಅವರ ದನಿಯೇ ಸಣ್ಣಗಾಗಿತ್ತು.

ಆಮೇಲಿನ ದಿನಗಳೆಲ್ಲ ಒಂದೇ ಥರ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ವೀಸಾದ ವೆಬ್‌ಸೈಟ್ ನೋಡುವುದು. ಅದೇ ನಂಬರ್, ಅದೇ ಉತ್ತರ. ಮಗಳನ್ನು ಶಾಲೆಗೆ ಬಿಟ್ಟು ಬಂದು ಮತ್ತೆ ನೋಡುವುದು. ಅಪಾರ್ಟ್‌ಮೆಂಟಿನವರು ಲೀಸ್ ಮುಂದುವರಿಸುತ್ತೀರಾ ಎಂದು ಕೇಳಿ ಕಾಗದ ಹಾಕಿದ್ದರು. ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿಟ್ಟು, ಹಾಲು ತೆಗೆಯುವಾಗಲೆಲ್ಲ ಅದರ ಕಡೆ ನೋಡದೆ ತೆಗೆಯುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎನ್ನುವ ಭಯ. ಮಗಳಿಗೆ ಎಂಟು ವರ್ಷ, ಅಪ್ಪ ಯಾವಾಗ ಬರುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಕನ್ನಡದಲ್ಲಿ ಕೇಳು ಎಂದು ದಿನವೂ ಗದರುವ ನಾನು ಆಗ ಇಂಗ್ಲಿಷಿನಲ್ಲೇ ‘ಸೂನ್’ ಅನ್ನುತ್ತಿದ್ದೆ.

ಇದೆಲ್ಲದರ ಕೆಳಗೆ ಇನ್ನೊಂದು ಭಯ ಕೂತಿತ್ತು, ಅದನ್ನು ನನ್ನೊಳಗೇ ಹೇಳಿಕೊಳ್ಳಲೂ ನಾಚಿಕೆ. ಜೋಡಿ ಅಗಲಿಸಿದವಳು ನಾನು. ಬೇಡ ಎಂದರೂ ಕೇಳದೆ ರಾಜನನ್ನು ವಿಮಾನ ಹತ್ತಿಸಿದವಳು ನಾನು. ಕೆಮಿಸ್ಟ್ರಿ ಓದಿದ ತಲೆ ಇದು, ಮರಕ್ಕೂ ವೀಸಾಕ್ಕೂ ಏನು ಸಂಬಂಧ ಎಂದು ಹಗಲೆಲ್ಲ ಕೇಳಿಕೊಳ್ಳುತ್ತಿದ್ದೆ. ಆದರೂ ಕಪಾಟಿನಲ್ಲಿ ಒಂಟಿಯಾಗಿ ಮಲಗಿದ್ದ ರಾಣಿಯನ್ನು ಕಂಡರೆ ತಕ್ಷಣ ಬಾಗಿಲು ಮುಚ್ಚಿಬಿಡುತ್ತಿದ್ದೆ. ಫೋನಿನಲ್ಲಿ ಇವರನ್ನು ಕೇಳುತ್ತಿದ್ದೆ, ರಾಜ ಹೇಗಿದ್ದಾನೆ, ಬಣ್ಣ ಆಯಿತಾ. ‘ಆರಾಮ ಇದ್ದಾನ’ ಎಂದು ಮಾತು ತಿರುಗಿಸುತ್ತಿದ್ದರು. ಅಮ್ಮನನ್ನು ಕೇಳಿದರೆ ಅವಳಿಗೆ ಆಗಲೇ ಒಲೆಯ ಮೇಲೆ ಏನೋ ಸೀಯುತ್ತಿರುತ್ತಿತ್ತು.

ನವರಾತ್ರಿ ಬಂತು. ಈ ಸಲ ಗೊಂಬೆ ಬೇಡ ಎಂದುಕೊಂಡೆ, ನಿಲ್ಲಿಸಿದರೆ ಇನ್ನೇನಾಗುತ್ತದೋ ಎಂದು ಅದಕ್ಕೂ ಧೈರ್ಯ ಬರಲಿಲ್ಲ. ಮೆಟ್ಟಿಲು ಜೋಡಿಸಿದೆ. ಆದರೆ ಒಂಟಿ ರಾಣಿಯನ್ನು ಕೂರಿಸಿದರೆ ಬರುವ ಹೆಂಗಸರು ಬಿಡುತ್ತಾರೆಯೇ, ರಾಜ ಎಲ್ಲಿ ಎಂದು ಒಬ್ಬಳು ಕೇಳಿದರೆ ಮುಂದಿನ ಪ್ರಶ್ನೆ ನಿಮ್ಮ ಮನೆಯವರೆಲ್ಲಿ ಎಂದೇ. ಆಗ ನನಗೊಂದು ಬುದ್ಧಿ ಹೊಳೆಯಿತು. ನಮ್ಮ ಗೊಂಬೆಗಳಲ್ಲಿ ಅಂಗಡಿ ಇಟ್ಟುಕೊಂಡ ಶೆಟ್ಟಿ, ಶೆಟ್ಟಮ್ಮ ಇರುತ್ತಾರಲ್ಲ, ಬೇಳೆ ಅಕ್ಕಿ ಮುಂದಿಟ್ಟುಕೊಂಡು ಕೂತವರು. ಶೆಟ್ಟಿಯನ್ನು ಎತ್ತಿಕೊಂಡು, ಹೊಟ್ಟೆ ಕಾಣದಂತೆ ಜರಿ ಶಾಲು ಸುತ್ತಿ, ರಾಜನ ಹಳೆಯ ಪೇಟ ತೊಡಿಸಿ, ರಾಣಿಯ ಪಕ್ಕದಲ್ಲಿ ಪ್ರತಿಷ್ಠಾಪಿಸಿದೆ. ಕೆಳಗಿನ ಮೆಟ್ಟಿಲಿನಲ್ಲಿ ಶೆಟ್ಟಮ್ಮ ಒಬ್ಬಳೇ ವ್ಯಾಪಾರ ಮಾಡಿಕೊಂಡಿದ್ದಳು.

ನಾಲ್ಕು ದಿನ ಯಾರಿಗೂ ಗೊತ್ತಾಗಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರು ಫೋಟೋ ತೆಗೆದು, ಕೋಸಂಬರಿ ತಿಂದು ಹೋದರು. ಇವರು ಎಲ್ಲಿ ಎಂದು ಕೇಳಿದವರಿಗೆ ಮದುವೆಗೆ ಹೋಗಿದ್ದಾರೆ ಅಂದೆ. ಅದೇನು ಸುಳ್ಳಲ್ಲ. ಐದನೇ ದಿನ ಕೆಳಗಿನ ಮನೆಯಾಕೆ, ಪಕ್ಕದೂರು ಕೆನ್ಮೋರಿನಲ್ಲಿರುವ ಮಗಳ ಮನೆಗೆ ಮೈಸೂರಿನಿಂದ ಬಂದಿದ್ದ ತನ್ನ ದೊಡ್ಡಮ್ಮನನ್ನು ಕರೆತಂದಳು. ಆಕೆ ಕನ್ನಡಕ ಮೇಲೆ ಕೆಳಗೆ ಮಾಡಿ ಮೇಲಿನ ಮೆಟ್ಟಿಲನ್ನೇ ನೋಡಿದರು. ಬೇರೆಯವರು ಅಡುಗೆಮನೆ ಕಡೆ ಹೋಗುವವರೆಗೆ ಕಾದು, ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು.

‘ಇವನು ಶೆಟ್ಟಿ ಅಲ್ವೇನಮ್ಮಾ? ರಾಜನ್ನ ಎಲ್ಲಿ ಬಿಟ್ಟೆ?’

ನಾನು ಬಣ್ಣಕ್ಕೆ ಕಳಿಸಿದ್ದೇನೆ ಅಂದೆ. ಆಕೆ ಬಯ್ಯಲಿಲ್ಲ. ಬಯ್ದಿದ್ದರೆ ತಿರುಗಿ ಏನಾದರೂ ಅಂದುಬಿಡುತ್ತಿದ್ದೆ. ಸುಮ್ಮನೆ ನನ್ನ ಕೈಯನ್ನು ಎರಡು ಸಲ ತಟ್ಟಿ, ತಾಂಬೂಲ ತೆಗೆದುಕೊಂಡು ಹೋದರು. ಆ ತಟ್ಟಿದ್ದು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಸಾವಿನ ಮನೆಯಲ್ಲಿ ಹಾಗೆ ತಟ್ಟುತ್ತಾರೆ.

ವಿಜಯದಶಮಿಯ ದಿನ ಬೆಳಿಗ್ಗೆ ಏಳೂಕಾಲಕ್ಕೆ, ಮಗಳು ಶಾಲೆಗೆ ಹೊರಡುವ ಮೊದಲೇ ಬಿರುದು ಓದಿಸೋಣ ಎಂದು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಸಂಜೆ. ಅಮ್ಮ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಆ ವರ್ಷದ ಬಿರುದು ಏನು ಎಂದು ಕೇಳಿದಳು. ಏನೂ ಇಲ್ಲಮ್ಮ, ಹೆದರಿಕೊಂಡು ಕೂತಿದ್ದು ಬಿಟ್ಟು ನಾನೇನೂ ಮಾಡಿಲ್ಲ ಅಂದೆ.

‘ಹೆದರಿಕೊಂಡೇ ಮಗೂನ ಸ್ಕೂಲಿಗೆ ಕಳಿಸ್ತಿದೀಯ, ಬೊಂಬೇನೂ ಕೂರಿಸಿದೀಯ. ಅದನ್ನೇ ಬರಿ. ಭಯಸಹಿತೆ ಅಂತ ಬರಿ.’

ಬರೆದೆ. ಮಗಳಿಗೆ ಕನ್ನಡ ಅಕ್ಷರ ಓದಲು ಬಾರದು, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟ ಹಾಳೆ ಹಿಡಿದು ನಿಂತಳು. ‘ಶ್ರೀಮನ್’ ಎಂದು ಬಾಯಿ ತೆರೆದಿದ್ದಳು ಅಷ್ಟೆ.

‘ಪುಟ್ಟೀ, ಮೊದಲ್ನೇ ಸಾಲು ಬೇಡಮ್ಮ. ಎರಡನೇದರಿಂದ ಓದು’ ಅಂದಳು ಅಮ್ಮ.

ಅಜ್ಜಿ ಸಾಯುವವರೆಗೂ ಬಿಡದ ಸಾಲು. ಅಮ್ಮ ತಾನೂ ಒಂದು ವರ್ಷವೂ ಬಿಡದ ಸಾಲು. ಯಾಕೆ ಬೇಡ ಎಂದೆ. ಮಗುವಿನ ನಾಲಿಗೆ ಹೊರಳುವುದಿಲ್ಲ ಎಂದು ಏನೋ ಅಂದಳು. ‘ದ್ವಿಚಕ್ರಾರೂಢೆ’ಗೆ ಹೊರಳುವ ನಾಲಿಗೆ ಇದಕ್ಕೆ ಹೊರಳುವುದಿಲ್ಲವೇ? ಅಮ್ಮ ಫೋನಿನ ಕಡೆ ನೋಡದೆ ಸೆರಗಿನ ತುದಿ ಮಡಿಸುತ್ತಿದ್ದಳು. ಮಗಳು ಎರಡನೇ ಸಾಲಿನಿಂದ ಓದಿದಳು. ನಾನು ಒಮ್ಮೆಯೂ ಬಹುಪರಾಕ್ ಅನ್ನಲಿಲ್ಲ. ಭಯಸಹಿತೆ ಎಂದು ಮುಗಿಸಿ, ರಾಣಿಯನ್ನು ಶೆಟ್ಟಿಯ ಪಕ್ಕದಲ್ಲಿ ಮಲಗಿಸಿ, ಮಗಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು.

ಅವಳನ್ನು ಬಿಟ್ಟು ಬಂದು ಇವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಅಮ್ಮನಿಗೆ ಏನೋ ಗೊತ್ತಿದೆ, ನನಗೆ ಹೇಳುತ್ತಿಲ್ಲ. ರಾಜನ ಹೆಸರು ಯಾಕೆ ಬೇಡವಾಯಿತು? ಇವರಿಗೆ ಏನಾದರೂ ಆಗಿದೆಯೇ, ರಸ್ತೆಯಲ್ಲಿ, ಆಸ್ಪತ್ರೆಯಲ್ಲಿ? ಮೈದುನನಿಗೆ ಮಾಡಿದೆ, ಅವನೂ ಎತ್ತಲಿಲ್ಲ. ಒಂದು ಮನೆಯವರೆಲ್ಲ ಒಟ್ಟಿಗೆ ಫೋನ್ ಎತ್ತದೆ ಇರುವುದು ಯಾವಾಗ ಎಂದು ನನ್ನ ತಲೆ ತಾನೇ ಲೆಕ್ಕ ಹಾಕಿ ಉತ್ತರ ಕೊಟ್ಟಿತು. ಅಡುಗೆಮನೆಯ ನೆಲದ ಮೇಲೆ ಫ್ರಿಜ್ಜಿಗೆ ಒರಗಿ ಕೂತೆ. ಆಗ ವೀಸಾ ಬೇಡ, ಓವರ್‌ಲೇಕ್ ಬೇಡ, ಏನೂ ಬೇಡ, ಈ ಮನುಷ್ಯ ಉಸಿರಾಡಿಕೊಂಡಿದ್ದರೆ ಸಾಕು ಎಂದು ಬಾಯಿಬಿಟ್ಟು ಹೇಳಿದೆ. ಒಂದೂವರೆ ಗಂಟೆ ಹಾಗೇ ಇದ್ದೆ.

ಒಂಬತ್ತೂಮುಕ್ಕಾಲಿಗೆ ಅವರದೇ ಫೋನ್ ಬಂತು. ‘ಬನ್ನಿ ಕೊಡಾಕ ಹೋಗಿದ್ವಿ ಎಲ್ಲಾರೂ. ಫೋನ್ ಮನ್ಯಾಗ ಬಿಟ್ಟಿದ್ದೆ. ಬಂಗಾರ ತಗೊಂಡು ಬಂಗಾರದಂಗ ಇರು’ ಅಂದರು. ಅವರ ಕಡೆ ದಸರೆಯ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತಾರೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಇಡೀ ವರ್ಷಕ್ಕೆ ಆಗುವಷ್ಟು ಬಯ್ದೆ. ಅವರು ಎಲ್ಲ ಕೇಳಿಸಿಕೊಂಡು, ಊಟ ಮಾಡಿದಿಯೇನು ಎಂದು ಕೇಳಿದರು.

ವೆಬ್‌ಸೈಟಿನ ಉತ್ತರ ಬದಲಾದದ್ದು ಆಫೀಸಿನವರ ಗಡುವಿಗೆ ಆರು ದಿನ ಇರುವಾಗ. ಪಾಸ್‌ಪೋರ್ಟ್ ಕೈಗೆ ಬಂದ ಮರುದಿನವೇ ವಿಮಾನ ಹತ್ತಿದರು. ಫ್ರೀವೇ ಹತ್ತದವಳು ನಾನು, ಅಂದು 405 ನಂಬರಿನ ಫ್ರೀವೇಯ ಬಲಗಡೆಯ, ನಿಧಾನದವರ ಲೇನಿನಲ್ಲಿ, ಹಿಂದಿನವರ ಹಾರನ್ ಕೇಳಿಸಿಕೊಳ್ಳುತ್ತಾ, ಏರ್‌ಪೋರ್ಟಿನವರೆಗೆ ಕಾರು ಓಡಿಸಿದೆ. ಬಾಗಿಲಿನಿಂದ ಹೊರಗೆ ಬಂದ ಇವರು ಬಡವಾಗಿದ್ದರು. ಮಗಳು ಓಡಿಹೋಗಿ ಸೊಂಟ ಹಿಡಿದುಕೊಂಡಳು. ನಾನು ಕಾರಿನ ಬೀಗದಕೈ ಹಿಡಿದುಕೊಂಡು ನಿಂತಲ್ಲೇ ಅತ್ತೆ.

ಮನೆಗೆ ಬಂದು ಸ್ವೆಟರ್ ಬಿಚ್ಚಿ ರಾಜನನ್ನು ಕೈಗೆ ಕೊಟ್ಟರು. ಹೊಳೆಯುತ್ತಿದ್ದ. ತಿರುಗಿಸಿ ಪೀಠದ ಅಡಿ ನೋಡಿದೆ. ಅಜ್ಜಿ ಸೂಜಿಯಿಂದ ಕೊರೆದಿದ್ದ ಅವಳ ಹೆಸರಿನ ಮೊದಲ ಅಕ್ಷರ ಇರಲಿಲ್ಲ.

ಇವರು ಸೋಫಾದ ಮೇಲೆ ಕೂತು ಹೇಳಿದರು. ಬಣ್ಣದವರು ಹಳೆಯ ಬಣ್ಣ ಕೆರೆದಾಗ ರಾಜನ ಕುತ್ತಿಗೆಯಿಂದ ಎದೆಯವರೆಗೆ ಬಿರುಕು ಬಿಟ್ಟಿತಂತೆ, ಒಳಗೆಲ್ಲ ಹುಳು ತಿಂದು ಟೊಳ್ಳು. ಅಮ್ಮನಿಗೆ ಅದು ಗೊತ್ತಾದದ್ದು ಚೆನ್ನೈನಲ್ಲಿ ಬಿಳಿ ಚೀಟಿ ಕೊಟ್ಟ ವಾರವೇ. ಅವಳು ಒಬ್ಬಳೇ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಿ, ಒಡೆದ ರಾಜನನ್ನು ಕಾವೇರಿಗೆ ಬಿಟ್ಟು ಬಂದಳು. ಹೊಸಬನನ್ನು ಕೊಂಡು ಅಳಿಯನಿಗೆ ಕೊಟ್ಟು, ಅವಳಿಗೆ ಹೇಳಬೇಡಿ, ಹೆದರುತ್ತಾಳೆ ಅಂದಳಂತೆ. ಗೊಂಬೆ ಎಂದರೆ ನಗುತ್ತಿದ್ದ ನನ್ನ ಗಂಡ ಆ ಹೊಸ ರಾಜನನ್ನು ಎರಡು ತಿಂಗಳು ಬೀರುವಿನಲ್ಲಿ, ವೀಸಾದ ಕಾಗದಗಳ ಮೇಲೆ ಇಟ್ಟುಕೊಂಡಿದ್ದರಂತೆ.

ಅಮ್ಮನಿಗೆ ಫೋನ್ ಮಾಡಿದೆ. ಮೊದಲ ಸಾಲು ಬಿಡಿಸಿದ್ದು ಅದಕ್ಕಾ ಎಂದೆ.

‘ಇಲ್ಲದ ರಾಜನ ಹೆಸರು ಮಗು ಬಾಯಲ್ಲಿ ಹೇಳಿಸಿ, ಅಳಿಯಂದ್ರಿಗೆ ಏನಾದ್ರೂ ಆಗಿದ್ರೆ? ನಂಗೆ ಧೈರ್ಯ ಬರಲಿಲ್ಲ ಕಣೆ.’

ಅಷ್ಟು ಹೇಳಿ ಅಮ್ಮ ಅತ್ತಳು. ಕಾವೇರಿಯಿಂದ ಒಬ್ಬಳೇ ವಾಪಸು ಬಂದು, ಅಷ್ಟು ದಿನ ನನ್ನ ಮುಂದೆ ರೇಷ್ಮೆ ಸೀರೆ ಉಟ್ಟು ನಕ್ಕವಳು. ಬಿರುದನ್ನು ನನಗೆ ಕೊಟ್ಟಿದ್ದಳು, ತಾನು ಏನೂ ಇಟ್ಟುಕೊಂಡಿರಲಿಲ್ಲ.

ಮುಂದಿನ ವರ್ಷ ಹೊಸ ರಾಜ, ಹಳೆಯ ರಾಣಿ ಮೇಲಿನ ಮೆಟ್ಟಿಲಿನಲ್ಲಿ ಕೂತರು. ಶೆಟ್ಟಿ ತನ್ನ ಅಂಗಡಿಗೆ ಮರಳಿದ. ರಾಣಿಯ ಅಡ್ಡಪಟ್ಟಿಗೆ ಹೊಸ ಪದಕವಾಗಿ ಅಮ್ಮನ ಶ್ರೀರಂಗಪಟ್ಟಣದ ಬಸ್ ಟಿಕೆಟನ್ನು ಸಣ್ಣಗೆ ಮಡಿಚಿ ಪಿನ್ನು ಮಾಡಿದ್ದೆ, ಕೇಳಿ ತರಿಸಿಕೊಂಡಿದ್ದೆ. ಇವರ ವೀಸಾ ಮುಂದುವರಿಸುವ ಅರ್ಜಿ ಆ ತಿಂಗಳೇ ಮತ್ತೆ ಹೋಗಿತ್ತು, ಉತ್ತರ ಬಂದಿರಲಿಲ್ಲ. ಬೆಳಗಿನ ಹೊತ್ತು ವೆಬ್‌ಸೈಟ್ ನೋಡುವುದು ಮತ್ತೆ ಶುರುವಾಗಿತ್ತು.

ವಿಜಯದಶಮಿಯ ಬೆಳಿಗ್ಗೆ ಮಗಳು ಹಾಳೆ ಬೇಡ, ಬಾಯಿಪಾಠ ಬರುತ್ತದೆ ಅಂದಳು. ಕೈ ಕಟ್ಟಿ ನಿಂತು, ಹೋದ ವರ್ಷ ಕಲಿತ ಹಾಗೇ, ನೇರವಾಗಿ ಎರಡನೇ ಸಾಲಿನಿಂದ ಶುರುಮಾಡಿದಳು. ‘ಧೂಮವಿಜಯೆ.’ ಸ್ಕ್ರೀನಿನಲ್ಲಿ ಅಮ್ಮ ಬಾಯಿ ತೆರೆದಳು, ಮುಚ್ಚಿದಳು. ಪಕ್ಕದಲ್ಲಿ ಕೂತ ಇವರಿಗೂ ಗೊತ್ತಾಯಿತು, ನನ್ನ ಮುಖ ನೋಡಿದರು. ನಾನು ಮೇಲಿನ ಮೆಟ್ಟಿಲಿನ ಹೊಸ ರಾಜನನ್ನು ನೋಡಿದೆ. ಮಗಳು ನಿಲ್ಲಿಸಿ, ಯಾಕೆ ಯಾರೂ ಏನೂ ಹೇಳುತ್ತಿಲ್ಲ ಎಂಬಂತೆ ನಮ್ಮ ಕಡೆ ನೋಡಿದಳು.

ನಾನು ಬಹುಪರಾಕ್ ಅಂದೆ.